ಐದನೆಯ ಪಾಲು: ಕೊಯಮತ್ತೂರು–ತಿರುಪ್ಪೂರು ಸೀಮೆಯ ಉದ್ಯಮ, ಯುವಜನ ಮತ್ತು ಶಾಲೆ

(ಕನ್ನಡ ಶಿಕ್ಷಕರ ಪುನಶ್ಚೇತನ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತಾಳವಾಡಿಯಿಂದ ಹೊರಟ ಬಸ್ಸು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಬಣ್ಣಾರಿಯನ್ನು ಮುಟ್ಟುವಷ್ಟರಲ್ಲಿ ಕಿವಿಗೆ ಬೀಳುವ ಮಾತು ಕನ್ನಡದಿಂದ ತಮಿಳಿಗೆ ಹೊರಳಿರುತ್ತದೆ. ಸತ್ಯಮಂಗಲವನ್ನು ದಾಟಿ ಮುಂದೆ ಸಾಗಿದರೆ ನೂಲಿನ ಗಿರಣಿಗಳು, ಎರಕದ ಕಾರ್ಖಾನೆಗಳು, ಪಂಪು ತಯಾರಿಸುವ ಘಟಕಗಳು, ಬನಿಯನ್ ಕಂಪನಿಗಳು. ಬೆಟ್ಟದ ಮೇಲಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ಈ ದಾರಿ ಅಪರಿಚಿತವಲ್ಲ. ಅಣ್ಣನೋ ಅಕ್ಕನೋ ಸೋದರಮಾವನೋ ಅದೇ ದಾರಿಯಲ್ಲಿ ಇಳಿದುಹೋಗಿರುತ್ತಾರೆ. ಕೆಳಗಿನ ಬಯಲಿನಲ್ಲಿಯೂ ಕನ್ನಡದ ಮನೆಗಳಿವೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ನೇಕಾರರ ಬೀದಿಗಳಲ್ಲಿ ತಲೆತಲಾಂತರದಿಂದ ನೆಲೆಸಿರುವ ದೇವಾಂಗ ಕುಟುಂಬಗಳು ಮನೆಯಲ್ಲಿ ಕನ್ನಡವನ್ನಾಡುತ್ತವೆ, ಓದುಬರಹವನ್ನು ತಮಿಳಿನಲ್ಲಿ ನಡೆಸುತ್ತವೆ.

ಆದುದರಿಂದ ಉದ್ಯಮಗಳೂ ಯುವಜನರೂ ಸಮಾಜಕ್ಕೆ ಮರಳಿ ಕೊಡುವುದು ಎಂಬ ವಿಷಯವು ಈ ಸೀಮೆಯ ಕನ್ನಡ ಶಿಕ್ಷಕರಿಗೆ ದೂರದ ಸಂಗತಿಯಲ್ಲ. ಅವರ ವಿದ್ಯಾರ್ಥಿಗಳ ದುಡಿಮೆಯೇ ನಾಳೆ ಆ ಉದ್ಯಮಗಳನ್ನು ನಡೆಸುವುದು. ಅಲ್ಲಿಂದ ಶಾಲೆಗೆ ಏನು ಮರಳಿ ಬರಬೇಕು, ಅದನ್ನು ಶಾಲೆ ಹೇಗೆ ಕೇಳಬೇಕು, ಹೇಗೆ ಬರಮಾಡಿಕೊಳ್ಳಬೇಕು ಎಂಬುದೇ ಈ ಉಪನ್ಯಾಸದ ವಿಚಾರ.

ಐದನೆಯ ಪಾಲಿನ ಪರಂಪರೆ

ಕೊಯಮತ್ತೂರಿನ ಪೀಳಮೇಡಿನಲ್ಲಿ ಪಿ.ಎಸ್. ಗೋವಿಂದಸ್ವಾಮಿ ನಾಯ್ಡು ಎಂಬ ಕೃಷಿಕ–ವ್ಯಾಪಾರಿ ಇದ್ದರು. ಅವರ ನಾಲ್ವರು ಮಕ್ಕಳು ಕುಟುಂಬದ ಆಸ್ತಿಯನ್ನು ವಿಭಾಗಿಸಿಕೊಂಡಾಗ ನಾಲ್ಕರ ಬದಲು ಐದು ಪಾಲು ಮಾಡಿದರು. ಐದನೆಯ ಪಾಲು ಧರ್ಮಕಾರ್ಯಕ್ಕೆ ಮೀಸಲಾಯಿತು. 1926ರಲ್ಲಿ ಸ್ಥಾಪನೆಯಾದ ಪಿ.ಎಸ್.ಜಿ. ಅಂಡ್ ಸನ್ಸ್ ಚಾರಿಟೀಸ್ ಎಂಬ ಸಂಸ್ಥೆಗೆ ಇದೇ ಮೂಲ. ಅದಕ್ಕೂ ಮೊದಲೇ, 1924ರಲ್ಲಿ, ಆ ಕುಟುಂಬವು ಶಾಲೆಯೊಂದನ್ನು ತೆರೆದಿತ್ತು. ಅದರ ಹೆಸರು ಸರ್ವಜನ ಶಾಲೆ. ಮುಂದೆ ಕೈಗಾರಿಕಾ ತರಬೇತಿ ಸಂಸ್ಥೆ, ಪಾಲಿಟೆಕ್ನಿಕ್, 1947ರಲ್ಲಿ ಕಲಾ ಮತ್ತು ವಿಜ್ಞಾನ ಕಾಲೇಜು, 1951ರಲ್ಲಿ ತಾಂತ್ರಿಕ ಕಾಲೇಜು ಹೀಗೆ ಆ ಪಾಲು ಬೆಳೆಯುತ್ತ ಹೋಯಿತು.

ಇಲ್ಲಿ ಭಾಷಾ ಅಲ್ಪಸಂಖ್ಯಾತ ಶಿಕ್ಷಕರು ಗಮನಿಸತಕ್ಕ ಒಂದು ಅಂಶವಿದೆ. ಆ ಕುಟುಂಬದ ಮನೆಮಾತು ತೆಲುಗು. ತಮಿಳು ನಾಡಿನಲ್ಲಿ ನೆಲೆಸಿದ ತೆಲುಗು ಮನೆಯವರು ಶಾಲೆ ಕಟ್ಟಿದಾಗ ಅದಕ್ಕೆ ‘ಸರ್ವಜನ’ ಎಂಬ ಹೆಸರನ್ನು ಇಟ್ಟರು. ಮನೆಮಾತನ್ನು ಉಳಿಸಿಕೊಳ್ಳುವುದಕ್ಕೂ ಊರಿಗೆಲ್ಲ ಆಗುವುದಕ್ಕೂ ವಿರೋಧವಿಲ್ಲ ಎಂಬುದನ್ನು ಈ ಸೀಮೆ ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿತ್ತು.

ಜಿ.ಡಿ. ನಾಯ್ಡು ಅವರ ಜೀವನವೂ ಇದೇ ಸೀಮೆಯದು. ಶಾಲಾ ವಿದ್ಯಾಭ್ಯಾಸ ಅವರಿಗೆ ಹೆಚ್ಚಾಗಿ ದೊರೆತಿರಲಿಲ್ಲ. 1920ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ಒಂದೇ ಒಂದು ಬಸ್ಸಿನಿಂದ ಆರಂಭಿಸಿ ದೊಡ್ಡ ಸಾರಿಗೆ ಸಂಸ್ಥೆಯನ್ನು ಕಟ್ಟಿದರು, ಯಂತ್ರಗಳನ್ನು ರೂಪಿಸಿದರು. 1945ರಲ್ಲಿ ಆರ್ಥರ್ ಹೋಪ್ ಹೆಸರಿನ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸ್ಥಾಪನೆಗೆ ಕಾರಣರಾದರು. ಆ ಕಾಲೇಜೇ ಇಂದಿನ ಸರ್ಕಾರಿ ತಾಂತ್ರಿಕ ಕಾಲೇಜು. ಅವರು ಹಣ ಕೊಟ್ಟು ಸುಮ್ಮನಾದವರಲ್ಲ. ಪ್ರಾಂಶುಪಾಲರಾಗಿ ನಿಂತು, ಪದವಿಗೆ ಅಷ್ಟು ದೀರ್ಘವಾದ ಅವಧಿ ಬೇಕೇ ಎಂದು ಸರ್ಕಾರದೊಡನೆ ವಾದಿಸಿದವರು. ತಿರುಪ್ಪೂರಿನಲ್ಲಿ ಜನಿಸಿದ ಟಿ.ಎಸ್. ಅವಿನಾಶಿಲಿಂಗಂ ಚೆಟ್ಟಿಯಾರರು 1930ರಲ್ಲಿ ರಾಮಕೃಷ್ಣ ವಿದ್ಯಾಲಯವನ್ನು ಆರಂಭಿಸಿದರು. 1946ರಿಂದ 1949ರವರೆಗೆ ಮದರಾಸು ಪ್ರಾಂತ್ಯದ ಶಿಕ್ಷಣ ಮಂತ್ರಿಯಾಗಿದ್ದರು.

ಈ ಮೂವರ ಮಾದರಿಗಳಲ್ಲಿ ಸಮಾನವಾದುದು ಒಂದು: ಕೊಟ್ಟವರು ಕೊಟ್ಟ ಸ್ಥಳದಲ್ಲಿಯೇ ಇದ್ದರು. ಹಣದ ಜೊತೆಗೆ ಅವರ ಹೊತ್ತೂ ಹೋಯಿತು.

ಹಣದ ಲೆಕ್ಕ, ಹೊತ್ತಿನ ಲೆಕ್ಕ

ಇಂದು ಕಂಪನಿಗಳ ಕೊಡುಗೆಗೆ ಕಾನೂನಿನ ರೂಪ ಬಂದಿದೆ. 2013ರ ಕಂಪನಿ ಕಾಯ್ದೆಯ 135ನೆಯ ವಿಧಿಯು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ಅಥವಾ ಅದಕ್ಕೂ ಮೀರಿದ ನಿವ್ವಳ ಮೌಲ್ಯ, 1,000 ಕೋಟಿ ಅಥವಾ ಹೆಚ್ಚಿನ ವಹಿವಾಟು, 5 ಕೋಟಿ ಅಥವಾ ಹೆಚ್ಚಿನ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೂ ಒಂದು ಇರುವ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವೆಚ್ಚ ಮಾಡತಕ್ಕದ್ದು. ಶಿಕ್ಷಣವು ಆ ಕಾರ್ಯಗಳ ಪಟ್ಟಿಯಲ್ಲಿದೆ. ತಾನು ಕೆಲಸ ಮಾಡುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ.

ಇದು ಒಳ್ಳೆಯ ಕಾಯ್ದೆ. ಆದರೆ ಶಿಕ್ಷಕರು ಅದರ ಎರಡು ಮಿತಿಗಳನ್ನು ಅರಿತಿರಬೇಕು. ಮೊದಲನೆಯದು, ತಿರುಪ್ಪೂರಿನ ಹೆಣಿಗೆ ಉದ್ಯಮದ ಬಹುಪಾಲು ಸಣ್ಣ ಘಟಕಗಳದು. ಒಬ್ಬರು ಬಟ್ಟೆ ಹೆಣೆದರೆ ಇನ್ನೊಬ್ಬರು ಬಣ್ಣ ಹಾಕುತ್ತಾರೆ, ಮತ್ತೊಬ್ಬರು ಹೊಲಿಯುತ್ತಾರೆ. ಶಾಲೆಯ ಪಕ್ಕದಲ್ಲಿರುವ ಘಟಕವು ಈ ವಿಧಿಯ ವ್ಯಾಪ್ತಿಗೆ ಬಾರದಿರುವ ಸಂಭವವೇ ಹೆಚ್ಚು. ಅದು ಕೊಡುವುದೆಲ್ಲ ಮನಸ್ಸಿದ್ದು ಕೊಡುವುದು. ಎರಡನೆಯದು, ಕಾಯ್ದೆ ಎಣಿಸುವುದು ಹಣವನ್ನು. ನೌಕರರು ಶಾಲೆಗೆ ಬಂದು ಮಕ್ಕಳೊಡನೆ ಕಳೆದ ಗಂಟೆಗಳಿಗೆ ಬೆಲೆ ಕಟ್ಟಿ ಈ ವೆಚ್ಚದ ಬಾಬಿನಲ್ಲಿ ತೋರಿಸಲು ಅವಕಾಶವಿಲ್ಲ. ನೌಕರರು ಪಾಲ್ಗೊಳ್ಳುವುದನ್ನು ಸರ್ಕಾರ ಪ್ರೋತ್ಸಾಹಿಸುತ್ತದೆ, ಆದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಪರಿಣಾಮ ಶಾಲೆಗಳಲ್ಲಿ ಕಾಣುತ್ತದೆ. ಬೆಂಚು, ಬಣ್ಣ, ನೀರಿನ ತೊಟ್ಟಿ, ಗಣಕಯಂತ್ರ ಬರುತ್ತವೆ, ಅವು ಬೇಕಾದವುಗಳೇ. ಆದರೆ ಪ್ರತಿ ವಾರವೂ ಬಂದು, ಹೆಸರು ಹಿಡಿದು ಕರೆದು, ಕಳೆದ ವಾರ ಬಿಟ್ಟ ಲೆಕ್ಕವನ್ನು ಈ ವಾರ ಮುಂದುವರಿಸುವ ಒಬ್ಬ ಹಿರಿಯ ಗೆಳೆಯ ಬರುವುದು ಅಪರೂಪ. ರಸೀದಿ ಇಲ್ಲದ ಕೊಡುಗೆಯಾದುದರಿಂದ ಯಾರೂ ಅದನ್ನು ತಾವಾಗಿಯೇ ಕೊಡಲಾರರು. ಅದನ್ನು ಶಾಲೆಯೇ ಕೇಳಬೇಕು.

ಕೊಡುಗೆ ಮತ್ತು ಋಣ

ದಾನ ಮತ್ತು ದಾಸೋಹಗಳ ನಡುವಣ ವ್ಯತ್ಯಾಸ ಕನ್ನಡಿಗರಿಗೆ ಹೊಸದಲ್ಲ. ದಾನದಲ್ಲಿ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ದಾಸೋಹದಲ್ಲಿ ಆ ಮೇಲು–ಕೀಳು ಇಲ್ಲ. ಕಾಯಕದಿಂದ ಬಂದುದು ಸಮಾಜಕ್ಕೆ ಸಲ್ಲತಕ್ಕದ್ದೇ ಎಂಬ ಭಾವನೆ ಅಲ್ಲಿದೆ. ‘ಮರಳಿ ಕೊಡುವುದು’ ಎಂಬ ಮಾತಿನಲ್ಲಿಯೂ ಇದೇ ಅರ್ಥ ಅಡಗಿದೆ. ಮೊದಲು ತೆಗೆದುಕೊಂಡವರು ಮಾತ್ರ ಮರಳಿ ಕೊಡಬಲ್ಲರು. ಏನನ್ನು ತೆಗೆದುಕೊಂಡೆವು ಎಂಬುದನ್ನು ಮರೆತರೆ ಕೊಡುಗೆ ಬರಿಯ ಅಲಂಕಾರವಾದೀತು.

ನೊಯ್ಯಲ್ ನದಿಯ ಕಥೆಯನ್ನು ನೋಡಬಹುದು. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು, ಕಾವೇರಿಯನ್ನು ಸೇರುವ ನದಿ ಇದು. ತಿರುಪ್ಪೂರಿನ ಬಟ್ಟೆಗೆ ಬಣ್ಣ ಕೊಟ್ಟ ನೀರೆಲ್ಲ ಇದರೊಳಗೆ ಹರಿಯಿತು. ರೈತರಿಗಾಗಿ ಕಟ್ಟಿ 1992ರಲ್ಲಿ ಪೂರ್ಣಗೊಳಿಸಿದ ಒರತ್ತುಪಾಳ್ಯಂ ಅಣೆಕಟ್ಟೆಯು ಬಣ್ಣದ ನೀರಿನ ತೊಟ್ಟಿಯಾಯಿತು. ಕೆಳಗಿನ ಹೊಲಗಳು ಉಪ್ಪಾದವು. ರೈತರು ನ್ಯಾಯಾಲಯದ ಬಾಗಿಲು ತಟ್ಟಿದರು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಬಣ್ಣ ಮತ್ತು ಬಿಳುಪು ಹಾಕುವ ನೂರಾರು ಘಟಕಗಳನ್ನು ಮುಚ್ಚಲು ಆಜ್ಞಾಪಿಸಿತು. ಅಲ್ಲಿಂದ ಮುಂದೆ, ಬಳಸಿದ ನೀರನ್ನು ಹೊರಗೆ ಬಿಡದೆ ಶುದ್ಧೀಕರಿಸಿ ಮತ್ತೆ ಬಳಸುವ ವ್ಯವಸ್ಥೆಗೆ ಉದ್ಯಮ ಹೊಂದಿಕೊಳ್ಳಬೇಕಾಯಿತು. ಇತ್ತ ಕೊಯಮತ್ತೂರಿನಲ್ಲಿ ಉದ್ಯಮಿಗಳೂ ನಾಗರಿಕರೂ ಸೇರಿ 2003ರಲ್ಲಿ ‘ಸಿರುತುಳಿ’ ಎಂಬ ಸಂಸ್ಥೆಯನ್ನು ಕಟ್ಟಿ ಕೆರೆಗಳ ಹೂಳೆತ್ತಿಸಿದರು. ತಿರುಪ್ಪೂರಿನಲ್ಲಿ 2015ರಿಂದ ‘ವನತ್ತುಕ್ಕುಳ್ ತಿರುಪ್ಪೂರ್’ ಎಂಬ ಸಸಿ ನೆಡುವ ಕಾರ್ಯ ನಡೆದುಬಂದಿದೆ. ತರಗತಿಯಲ್ಲಿ ಈ ಕಾರ್ಯಗಳನ್ನು ಹೇಳುವಾಗ ಒರತ್ತುಪಾಳ್ಯದ ರೈತರನ್ನೂ ಹೇಳಬೇಕು. ಎರಡನ್ನೂ ಕೇಳಿದ ಮಗುವಿಗೆ ಮಾತ್ರ ಋಣ ಎಂಬ ಪದದ ತೂಕ ತಿಳಿದೀತು.

ಶಾಲೆಗೆ ಇನ್ನೂ ಹತ್ತಿರವಾದ ಋಣವೊಂದಿದೆ. ಪಶ್ಚಿಮ ಜಿಲ್ಲೆಗಳ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಹೆಸರಿನಿಂದ ಬಹುಕಾಲ ನಡೆದ ಪದ್ಧತಿ ಶಿಕ್ಷಕರಿಗೆ ತಿಳಿದದ್ದೇ. ಬಡ ಮನೆಯ ಹದಿಹರೆಯದ ಹುಡುಗಿಯರನ್ನು ಸುಮಾರು ಮೂರು ವರ್ಷಗಳ ಕರಾರಿನ ಮೇಲೆ ಕರೆದೊಯ್ದು, ಗಿರಣಿಯ ಹಾಸ್ಟೆಲಿನಲ್ಲಿರಿಸಿ, ಕೊನೆಯಲ್ಲಿ ಮದುವೆಗೆಂದು ಇಡಿಗಂಟು ಕೊಡುವ ಏರ್ಪಾಡು ಅದು. ಅವಧಿ ಮುಗಿಯುವ ಮೊದಲೇ ಬಿಟ್ಟುಬಂದವರಿಗೆ ಗಂಟು ಕೈತಪ್ಪುತ್ತಿತ್ತು. ಹೊರಗೆ ಹೋಗುವ ಸ್ವಾತಂತ್ರ್ಯವೂ ಕಡಿಮೆ. ಕಾರ್ಮಿಕ ಸಂಘಟನೆಗಳೂ ಮಾನವ ಹಕ್ಕುಗಳ ಸಂಸ್ಥೆಗಳೂ ಇದನ್ನು ಬಲವಾಗಿ ಆಕ್ಷೇಪಿಸಿದವು. ಮದುವೆಯ ಹೆಸರಿನಲ್ಲಿ ಓದು ನಿಂತ ಹುಡುಗಿಗೆ ಸಲ್ಲಬೇಕಾದುದು ಶಾಲೆಗೆ ಕೊಟ್ಟ ಗೋಡೆ ಗಡಿಯಾರದಿಂದ ತೀರುವುದಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. ಹದಿನೆಂಟರವರೆಗೆ ಅಪಾಯಕಾರಿ ಕೆಲಸವನ್ನು ನಿಷೇಧಿಸಿದೆ. ಕೊಡಲು ಬಂದವರು ಯಾರೇ ಆಗಲಿ, ಶಾಲೆಯು ಆಳು ನೇಮಿಸಿಕೊಳ್ಳುವ ಜಾಗವಾಗಬಾರದು ಎಂಬ ಗೆರೆಯನ್ನು ಮುಖ್ಯೋಪಾಧ್ಯಾಯರು ಮೊದಲ ದಿನವೇ ಎಳೆಯಬೇಕು.

ಯುವಜನರ ಸಮಯ

ಸಮಯ ಕೊಡುವವರು ಯಾರು? 2021ರ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ‘ಇಲ್ಲಂ ತೇಡಿ ಕಲ್ವಿ’ ಇದಕ್ಕೆ ಒಂದು ಉತ್ತರ ಕೊಟ್ಟಿತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿ ಕಲಿಕೆ ಹಿಂದೆ ಬಿದ್ದಾಗ, ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸಂಜೆಯ ಹೊತ್ತು ಅವರ ಬೀದಿಯಲ್ಲಿಯೇ ಪಾಠ ಹೇಳಲು ಸ್ವಯಂಸೇವಕರನ್ನು ಕರೆಯಲಾಯಿತು. ಮುಂದೆ ಬಂದವರಲ್ಲಿ ಹೆಚ್ಚಿನವರು ಯುವತಿಯರು ಮತ್ತು ಗೃಹಿಣಿಯರು. ಗೌರವಧನ ತಿಂಗಳಿಗೆ 1,000 ರೂಪಾಯಿ ಮಾತ್ರ. ಆ ಪ್ರಯೋಗದ ಬಲ ಪಠ್ಯಸಾಮಗ್ರಿಯಲ್ಲಿಲ್ಲ. ಹೇಳಿಕೊಡುವವರು ಅದೇ ಬೀದಿಯವರು ಎಂಬುದರಲ್ಲಿದೆ. ಕಾಲೇಜುಗಳಲ್ಲಿ 1969ರಿಂದ ನಡೆಯುತ್ತಿರುವ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಒಬ್ಬ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಗಳ ಸೇವೆ ಸಲ್ಲಿಸಬೇಕು. ಒಂದು ಶಾಲೆಗೆ ವಾರಕ್ಕೆರಡು ಗಂಟೆಯಂತೆ ಕೊಟ್ಟರೂ ಇಡೀ ಶೈಕ್ಷಣಿಕ ವರ್ಷಕ್ಕೆ ಆಗಿ ಮಿಗುವಷ್ಟು ಸಮಯ ಅದು.

ಆದರೆ ಬನಿಯನ್ ಕಂಪನಿಯ ಯುವ ಕಾರ್ಮಿಕನ ಸ್ಥಿತಿ ಬೇರೆ. ಕೆಲಸ ಹೆಚ್ಚಿದ್ದಾಗ ಒಂದೂವರೆ ಶಿಫ್ಟ್, ಅಂದರೆ ಹನ್ನೆರಡು ಗಂಟೆ, ದುಡಿಯುವುದು ಅಲ್ಲಿ ವಾಡಿಕೆ. ಪೀಸ್ ರೇಟಿನಲ್ಲಿ ಹೊಲಿಯುವವನು ಒಂದು ಗಂಟೆ ಎದ್ದು ಬಂದರೆ ಒಂದು ಗಂಟೆಯ ಕೂಲಿ ಹೋಗುತ್ತದೆ. ಅವನಿಂದ ಸ್ವಯಂಸೇವೆ ಕೇಳುವುದು ಕಂಪನಿಯ ಋಣವನ್ನು ಅವನ ಜೇಬಿನಿಂದ ತೀರಿಸಿದಂತೆ. ಕಂಪನಿಯಿಂದ ಶಾಲೆ ಕೇಳಬೇಕಾದ ಮೊದಲ ಕೊಡುಗೆ ಇದೇ: ವಾರಕ್ಕೆ ಒಂದು ಗಂಟೆ, ಕೂಲಿ ಕಡಿಯದೆ, ಮನಸ್ಸಿರುವ ಇಬ್ಬರು ಮೂವರು ಯುವಕ ಯುವತಿಯರನ್ನು ಬಿಟ್ಟುಕೊಡುವುದು. ಇದಕ್ಕೆ ದೊಡ್ಡ ಕಂಪನಿಯೇ ಬೇಕಿಲ್ಲ.

ಹೀಗೆ ಬರುವವರು ಎಷ್ಟು ಕಾಲ ಬರಬೇಕು? ಅಮೆರಿಕದಲ್ಲಿ ಇಂಥ ಒಡನಾಟಕ್ಕೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೌಲ್ಟರ್ ಅವರು, ಕಟಕಟೆಗೆ ಬರುವ ಒಬ್ಬೊಬ್ಬ ಬಾಲಕನಿಗೂ ಒಬ್ಬೊಬ್ಬ ಹಿರಿಯ ಗೆಳೆಯನಿರಬೇಕೆಂದು ಊರಿನ ಗೃಹಸ್ಥರನ್ನು ಕೋರಿದರು. ಆ ಕೋರಿಕೆಯಿಂದ ಬೆಳೆದ ಸಂಸ್ಥೆಯ ಮಕ್ಕಳನ್ನು ಕುರಿತು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದು ವರ್ಷ ಅಥವಾ ಹೆಚ್ಚು ಕಾಲ ಮಾರ್ಗದರ್ಶಿಯ ಒಡನಾಟ ಪಡೆದ ಮಕ್ಕಳಿಗೆ ಹೆಚ್ಚಿನ ಪ್ರಯೋಜನವಾಗಿತ್ತು. ಕೆಲವೇ ತಿಂಗಳಲ್ಲಿ ಒಡನಾಟ ಕಡಿದುಹೋದ ಮಕ್ಕಳಲ್ಲಿ ಆತ್ಮವಿಶ್ವಾಸ ಮೊದಲಿಗಿಂತಲೂ ಕುಗ್ಗಿತ್ತು. ಒಂದು ದಿನ ಬಂದು ಚಿತ್ರ ತೆಗೆಸಿಕೊಂಡು ಹೋಗುವ ಭೇಟಿಯನ್ನು ಶಾಲೆ ಏಕೆ ವಿನಯದಿಂದ ನಿರಾಕರಿಸಬೇಕು ಎಂಬುದಕ್ಕೆ ಇದು ಸಾಕಷ್ಟು ಕಾರಣ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವ ಹಿರಿಯರ ಮಾತೂ ಇಲ್ಲಿ ನೆನಪಿಗೆ ಬರತಕ್ಕದ್ದು.

ಶಾಲೆ ಮಾಡಿಕೊಳ್ಳಬೇಕಾದ ಏರ್ಪಾಡು

ಕೋರಿಕೆಯು ಶಾಲಾ ನಿರ್ವಹಣಾ ಸಮಿತಿಯ ಮೂಲಕ ಹೋಗುವುದು ಉತ್ತಮ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆ ಸಮಿತಿಯ ಮುಕ್ಕಾಲು ಭಾಗ ಸದಸ್ಯರು ಪೋಷಕರು, ಅರ್ಧದಷ್ಟು ಮಹಿಳೆಯರು. ಅವರಲ್ಲಿ ಕೆಲವರಾದರೂ ಅದೇ ಉದ್ಯಮಗಳಲ್ಲಿ ದುಡಿಯುವವರಿರುತ್ತಾರೆ. ಯಾರನ್ನು ಕೇಳಬೇಕೆಂಬುದು ಅವರಿಗೆ ತಿಳಿದಿರುತ್ತದೆ. ಕೋರಿಕೆ ಸ್ಪಷ್ಟವಾಗಿರಲಿ: ಐದಾರು ಮಕ್ಕಳಿಗೆ ಒಬ್ಬ ಮಾರ್ಗದರ್ಶಿ, ವಾರಕ್ಕೆ ನಿಗದಿಯಾದ ಒಂದು ಗಂಟೆ, ಒಂದು ಪೂರ್ಣ ಶೈಕ್ಷಣಿಕ ವರ್ಷ.

ಭೇಟಿ ಶಾಲೆಯ ಆವರಣದಲ್ಲಿಯೇ, ಶಿಕ್ಷಕರ ಕಣ್ಣಳತೆಯಲ್ಲಿಯೇ ನಡೆಯಬೇಕು. ಮಗುವೊಂದನ್ನೇ ಪ್ರತ್ಯೇಕವಾಗಿ ಕರೆದೊಯ್ಯುವುದಾಗಲಿ, ದೂರವಾಣಿ ಸಂಖ್ಯೆ ಪಡೆಯುವುದಾಗಲಿ, ಉಡುಗೊರೆ ಕೊಡುವುದಾಗಲಿ ಕೂಡದು. ಬರುವವರ ಪೂರ್ವಾಪರವನ್ನು ಮೊದಲೇ ಪರಿಶೀಲಿಸಬೇಕು. 2012ರ ಪೋಕ್ಸೊ ಕಾಯ್ದೆಯ ವಿಚಾರವನ್ನೂ ಮಕ್ಕಳ ಸಹಾಯವಾಣಿ 1098ನ್ನೂ ಅವರಿಗೂ ಮಕ್ಕಳಿಗೂ ತಿಳಿಸಬೇಕು. ಇದನ್ನು ಅವಿಶ್ವಾಸವೆಂದು ಯಾರೂ ಭಾವಿಸಬೇಕಾಗಿಲ್ಲ. ಒಳ್ಳೆಯ ಮಾರ್ಗದರ್ಶಿಗೆ ಇದು ರಕ್ಷಣೆಯೂ ಹೌದು.

ಬಂದವರು ಏನು ಮಾಡಬೇಕು? ಅವರು ಶಿಕ್ಷಕರ ಬದಲಿಯಲ್ಲ. ಪಾಠ ಮುಗಿಸುವುದು ಅವರ ಹೊಣೆಯಲ್ಲ. ಅವರಲ್ಲಿರುವುದು ಶಿಕ್ಷಕರಲ್ಲಿಲ್ಲದ ಒಂದು ಸಂಪತ್ತು, ದುಡಿಮೆಯ ತಿಳಿವಳಿಕೆ. ಉದಾಹರಣೆಗೆ, ಎಂಟನೆಯ ತರಗತಿಯ ಶೇಕಡಾ ಲೆಕ್ಕವನ್ನು ಸಂಬಳದ ಚೀಟಿಯಿಂದ ಕಲಿಸಬಹುದು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 10,000 ರೂಪಾಯಿ, ಬೇರೆ ಭತ್ಯೆಗಳಿಲ್ಲ ಎಂದಿಟ್ಟುಕೊಂಡರೆ, ಭವಿಷ್ಯನಿಧಿಗೆ ಶೇಕಡ 12ರಂತೆ 1,200 ರೂಪಾಯಿ, ಇ.ಎಸ್.ಐ. ಗೆ ಶೇಕಡ 0.75ರಂತೆ 75 ರೂಪಾಯಿ ಕಡಿತವಾಗಿ 8,725 ರೂಪಾಯಿ ಕೈಗೆ ಬರುತ್ತದೆ. ಕಡಿತವಾದ ಹಣ ಎಲ್ಲಿಗೆ ಹೋಯಿತು, ಉದ್ಯೋಗದಾತನು ತನ್ನ ಪಾಲನ್ನು ಕಟ್ಟಿದನೇ, ಕಾಯಿಲೆಯಾದಾಗ ಆ ಚೀಟಿ ಏನನ್ನು ಕೊಡಿಸುತ್ತದೆ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಚೀಟಿಯೇ ಕೊಡದ ಕೆಲಸಕ್ಕೆ ಹೋಗಬಾರದೆಂಬ ವಿವೇಕವೂ ಜೊತೆಗೆ ಬರುತ್ತದೆ. ಹತ್ತನೆಯ ತರಗತಿ ಮುಗಿದ ಮೇಲೆ ಐ.ಟಿ.ಐ., ಪಾಲಿಟೆಕ್ನಿಕ್, ಪದವಿಪೂರ್ವ ಶಿಕ್ಷಣ ಇವುಗಳಲ್ಲಿ ಯಾವುದು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನೂ ಆ ದಾರಿಯಲ್ಲಿ ನಡೆದವರೇ ಚೆನ್ನಾಗಿ ಹೇಳಬಲ್ಲರು. 2022ರಲ್ಲಿ ಆರಂಭವಾದ ರಾಜ್ಯದ ‘ನಾನ್ ಮುದಲ್ವನ್’ ಯೋಜನೆಯ ಮಾಹಿತಿಯನ್ನೂ ಇದರೊಡನೆ ಜೋಡಿಸಿಕೊಳ್ಳಬಹುದು.

ವರ್ಷದ ಕೊನೆಯ ಭೇಟಿಯನ್ನು ಮಕ್ಕಳಿಗೆ ಒಂದು ತಿಂಗಳು ಮೊದಲೇ ತಿಳಿಸಬೇಕು. ಹೇಳದೆ ನಿಂತುಹೋಗುವ ಮಾರ್ಗದರ್ಶಿ ಮಗುವಿನ ಮನಸ್ಸಿನಲ್ಲಿ ಬಿಟ್ಟುಹೋಗುವ ಗಾಯವನ್ನು ಮುಂದೆ ಶಿಕ್ಷಕರೇ ವಾಸಿ ಮಾಡಬೇಕಾಗುತ್ತದೆ.

ಮನೆಮಾತಿನ ಮಗು

ಬರುವ ಮಾರ್ಗದರ್ಶಿಗಳಲ್ಲಿ ಹೆಚ್ಚಿನವರು ತಮಿಳರಾಗಿರುವುದು ಸಹಜ. ಅದರಿಂದ ಕನ್ನಡದ ಮಗುವಿಗೆ ನಷ್ಟವಿಲ್ಲ. ಈ ರಾಜ್ಯದಲ್ಲಿ ಬಾಳುವ ಮಗುವಿಗೆ ತಮಿಳು ಚೆನ್ನಾಗಿ ಬರಲೇಬೇಕು. ಎರಡು ಕಾಲಂಗಳ ಒಂದು ಪದಪುಸ್ತಕವನ್ನು ಮಕ್ಕಳೂ ಮಾರ್ಗದರ್ಶಿಯೂ ಸೇರಿ ಬರೆಯಬಹುದು. ಕನ್ನಡದ ನೇಯ್ಗೆ ತಮಿಳಿನಲ್ಲಿ ನೆಸವು, ಹೊಲಿಗೆ ತೈಯಲ್, ಬಟ್ಟೆಯ ಬಣ್ಣ ಸಾಯಂ. ನೂಲು ಅಲ್ಲಿಯೂ ನೂಲ್, ಕೂಲಿ ಅಲ್ಲಿಯೂ ಕೂಲಿ. ದುಡಿಯುವ ಜನರ ಬಾಯಲ್ಲಿ ಎರಡು ಭಾಷೆಗಳು ಎಷ್ಟು ಹತ್ತಿರದವು ಎಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ. ಮಗು ಪದವನ್ನು ಕಲಿಯುವಾಗ ಮಾರ್ಗದರ್ಶಿಯೂ ಒಂದು ಕನ್ನಡ ಪದವನ್ನು ಕಲಿಯುತ್ತಾನೆ. ಆ ಗಳಿಗೆಯಲ್ಲಿ ಮಗು ಕೊಡುವ ಸ್ಥಾನದಲ್ಲಿರುತ್ತದೆ.

ಆದರೆ ವರ್ಷಕ್ಕೊಬ್ಬರಾದರೂ ಕನ್ನಡದ ಮನೆಯಿಂದ ಬಂದವರು ಇರಲಿ ಎಂದು ಶಾಲೆ ಹುಡುಕಬೇಕು. ಅದೇ ಶಾಲೆಯ ಹಳೆಯ ವಿದ್ಯಾರ್ಥಿಗಳಿಗಿಂತ ಯೋಗ್ಯರು ಬೇರಿಲ್ಲ. ಘಟ್ಟ ಇಳಿದು ಹೋದ ಹುಡುಗಿಯೊಬ್ಬಳು ಈಗ ಹೊಲಿಗೆ ವಿಭಾಗದ ಮೇಲ್ವಿಚಾರಕಿಯಾಗಿರಬಹುದು. ನೇಕಾರರ ಬೀದಿಯ ಹುಡುಗನೊಬ್ಬ ಪಾಲಿಟೆಕ್ನಿಕ್ ಮುಗಿಸಿರಬಹುದು. ದೊಡ್ಡ ಹುದ್ದೆಗೇರಿದವರನ್ನೇ ಹುಡುಕಬೇಕಾಗಿಲ್ಲ. ಅದೇ ಬೆಂಚಿನ ಮೇಲೆ ಕುಳಿತು, ಅದೇ ಕನ್ನಡದಲ್ಲಿ ಮಾತನಾಡಿ, ಐದು ವರ್ಷ ಮುಂದೆ ನಡೆದವರು ಎದುರು ನಿಂತರೆ ಮಗುವಿಗೆ ತನ್ನ ಮುಂದಿನ ಐದು ವರ್ಷ ಕಣ್ಣಿಗೆ ಕಾಣುತ್ತದೆ. ಮನೆಮಾತು ಮುಂದೆ ಹೋಗಲು ಅಡ್ಡಿ ಎಂಬ ಅಳುಕನ್ನು ಉಪದೇಶವು ತೆಗೆಯಲಾರದು, ಅಂಥ ಒಬ್ಬ ಅಕ್ಕ ತೆಗೆಯಬಲ್ಲಳು.

ಆದುದರಿಂದ ಶಿಕ್ಷಕರು ಈ ತರಬೇತಿಯಿಂದ ಹಿಂದಿರುಗಿದ ಮೇಲೆ ಮಾಡಬಹುದಾದ ಮೊದಲ ಕೆಲಸ ಸಣ್ಣದು. ದಾಖಲಾತಿ ಪುಸ್ತಕವನ್ನು ತೆರೆದು, ಕಳೆದ ಹತ್ತು ವರ್ಷಗಳಲ್ಲಿ ಶಾಲೆ ಬಿಟ್ಟವರ ಹೆಸರುಗಳ ಮುಂದೆ ಅವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಬರೆಯುವುದು. ಕೆಲವರ ವಿಷಯ ಊರಿನವರಿಂದ ತಿಳಿದೀತು, ಕೆಲವರದು ಅವರ ತಮ್ಮ ತಂಗಿಯರಿಂದ. ಓದು ಅರ್ಧಕ್ಕೆ ನಿಂತವರ ಹೆಸರನ್ನು ಬಿಡಬಾರದು. ಆ ಪಟ್ಟಿಯಲ್ಲಿ ಶಾಲೆಗೆ ಕೊಡಬಲ್ಲವರು ಯಾರೆಂಬುದೂ ಶಾಲೆ ಯಾರಿಗೆ ಋಣಿ ಎಂಬುದೂ ಒಟ್ಟಿಗೆ ಸಿಗುತ್ತದೆ. ಕಂಪನಿಗೆ ಬರೆಯುವ ಕೋರಿಕೆ ಪತ್ರವನ್ನು ಅಲ್ಲಿಂದ ಆರಂಭಿಸಬಹುದು: ಈ ಶಾಲೆಯ ಇಷ್ಟು ಮಂದಿ ಮಕ್ಕಳು ತಮ್ಮಲ್ಲಿ ದುಡಿಯುತ್ತಿದ್ದಾರೆ, ಅವರಲ್ಲಿ ಇಬ್ಬರನ್ನು ವಾರಕ್ಕೆ ಒಂದು ಗಂಟೆ ಶಾಲೆಗೆ ಕಳುಹಿಸಿಕೊಡಿ.